ಪರಮಾಣುವಿನ ಉಪಮಾನಗಳು

ಕಾವ್ಯಮೀಮಾಂಸೆಯನ್ನು ಅಷ್ಟಿಷ್ಟು ಓದಿದವರಿಗೆಲ್ಲ ಉಪಮಾಲಂಕಾರದ ನಾಲ್ಕು ಅಂಗಗಳು ಗೊತ್ತಿರುತ್ತವೆ. ಉಪಮೇಯ, ಉಪಮಾನ, ಸಮಾನಧರ್ಮ, ಉಪಮಾವಾಚಕ. 'ಮುಖವು ಚಂದ್ರನಂತೆ ಮನೋಹರವಾಗಿದೆ' ಎಂದಾಗ ಮುಖ ಉಪಮೇಯ, ಚಂದ್ರ ಉಪಮಾನ, ಮನೋಹರತೆ ಸಮಾನಧರ್ಮ, 'ಅಂತೆ' ಎಂಬುದು ವಾಚಕ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ನಾನು ತರಗತಿಗಳಲ್ಲಿ ಇದನ್ನು ಪಾಠ ಹೇಳಿದ್ದೇನೆ. ಈ ಹೋಲಿಕೆ ಎಲ್ಲಿಗೆ ಮುಗಿಯುತ್ತದೆ ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಮುಖ ಹದಿನೈದು ದಿನ ಬೆಳೆದು ಹದಿನೈದು ದಿನ ಕ್ಷಯಿಸುತ್ತದೆಯೇ ಎಂದು ಕೇಳುವವನು ಅರಸಿಕನೆನಿಸಿಕೊಳ್ಳುತ್ತಾನೆ. ಕಾವ್ಯದಲ್ಲಿ ಅದು ನ್ಯಾಯವೇ ಸರಿ.

ಆದರೆ ಆ ಅರಸಿಕ ಪ್ರಶ್ನೆಯನ್ನು ಕೇಳಲೇಬೇಕಾದ, ಕೇಳಿದ್ದರಿಂದಲೇ ಮುಂದುವರಿದ ಇನ್ನೊಂದು ಕ್ಷೇತ್ರವಿದೆ. ಅದು ವಿಜ್ಞಾನ. ಅದರಲ್ಲಿಯೂ ಪರಮಾಣುವಿನ ವಿಚಾರದಲ್ಲಿ ಈ ಮಾತು ಹೆಚ್ಚು ನಿಜ. ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಒಂದು ಬಿಡಿ ಪರಮಾಣುವಿನ ಚಿತ್ರವನ್ನು ಕಂಡವರು ಯಾರೂ ಇರಲಿಲ್ಲ. ಕಾಣದುದನ್ನು ಮನುಷ್ಯ ಕಂಡದ್ದರ ಮೂಲಕವಲ್ಲದೆ ಬೇರೆ ರೀತಿಯಲ್ಲಿ ಭಾವಿಸಲಾರ. ಹೀಗಾಗಿ ಪರಮಾಣುವಿನ ಚರಿತ್ರೆ ಬಹುಮಟ್ಟಿಗೆ ಉಪಮಾನಗಳ ಚರಿತ್ರೆಯೇ ಆಗಿದೆ. ಒಂದು ಉಪಮಾನ ಬಂತು, ಕೆಲವು ಕಾಲ ದಾರಿ ತೋರಿಸಿತು, ಆಮೇಲೆ ದಾರಿಗೆ ಅಡ್ಡ ನಿಂತಿತು. ಅದನ್ನು ತೆಗೆದು ಇನ್ನೊಂದನ್ನು ತಂದರು. ಭೌತವಿಜ್ಞಾನದ ಮನೆಗೆ ನಾನು ಹೊರಗಿನವನು. ಆದರೂ ಈ ಬಾಗಿಲಿನಿಂದ ಒಳಗೆ ಇಣುಕಿ ನೋಡುವ ಅಧಿಕಾರ ಸಾಹಿತ್ಯದ ಮೇಷ್ಟರಿಗೂ ಇದೆಯೆಂದು ಭಾವಿಸಿ ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯ ಉಪಮಾನ ಬಹಳ ಹಳೆಯದು, ಬಹಳ ಸುಂದರವಾದದ್ದು. ಕತ್ತಲೆಯ ಕೋಣೆಯೊಳಕ್ಕೆ ಗವಾಕ್ಷಿಯಿಂದ ಬಿಸಿಲುಕೋಲೊಂದು ಇಳಿದಿದೆ. ಅದರಲ್ಲಿ ಸಾವಿರಾರು ಧೂಳಿನ ಕಣಗಳು ತೇಲಾಡುತ್ತಿವೆ. ನಮ್ಮ ಪ್ರಾಚೀನರು ಆ ಕಣವನ್ನು ತ್ರಸರೇಣು ಎಂದು ಕರೆದರು. ವೈಶೇಷಿಕ ದರ್ಶನದ ಆಚಾರ್ಯರು ಕಣ್ಣಿಗೆ ಕಾಣುವ ವಸ್ತುಗಳಲ್ಲಿ ಅದೇ ಅತ್ಯಂತ ಚಿಕ್ಕದೆಂದರು. ಎರಡು ಪರಮಾಣು ಸೇರಿ ಒಂದು ದ್ವ್ಯಣುಕ, ಮೂರು ದ್ವ್ಯಣುಕ ಸೇರಿ ಒಂದು ತ್ರ್ಯಣುಕ, ಆ ತ್ರ್ಯಣುಕವೇ ಬಿಸಿಲುಕೋಲಿನ ಈ ರೇಣು ಎಂದು ಲೆಕ್ಕ ಹಾಕಿದರು. ಅತ್ತ ರೋಮಿನಲ್ಲಿ ಕ್ರಿಸ್ತಪೂರ್ವ ಮೊದಲನೆಯ ಶತಮಾನದ ಕವಿ ಲುಕ್ರೀಶಿಯಸ್ ತನ್ನ ದೀರ್ಘಕಾವ್ಯದಲ್ಲಿ ಇದೇ ಬಿಸಿಲುಕೋಲನ್ನೂ ಇದೇ ಧೂಳನ್ನೂ ತೋರಿಸಿ, ಕಾಣದ ಕಣಗಳ ಹೊಯ್ದಾಟವೂ ಹೀಗೆಯೇ ಎಂದ. ಅವನಿಗೂ ನಾಲ್ಕು ಶತಮಾನ ಹಿಂದೆ ಗ್ರೀಸಿನ ಡೆಮಾಕ್ರಿಟಸ್, ತನ್ನ ಗುರು ಲ್ಯೂಸಿಪ್ಪಸನನ್ನು ಅನುಸರಿಸಿ, ಕತ್ತರಿಸಲಾಗದ್ದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಆ ಕಣಕ್ಕೆ ಹೆಸರಿಟ್ಟಿದ್ದ. ಇಂಗ್ಲಿಷಿನ 'ಆಟಂ' ಎಂಬುದು ಅದೇ ಮಾತು.

ಪರಮಾಣು ಇರಲೇಬೇಕೆಂಬುದಕ್ಕೆ ನಮ್ಮ ನೈಯಾಯಿಕ ವೈಶೇಷಿಕರು ಕೊಟ್ಟ ಒಂದು ಯುಕ್ತಿಯನ್ನು ಇಲ್ಲಿ ನೆನೆಯಬೇಕು. ವಸ್ತುವನ್ನು ಒಡೆಯುತ್ತ ಹೋದರೆ ಎಲ್ಲಿಯೂ ನಿಲ್ಲುವುದಿಲ್ಲ ಎಂದಿಟ್ಟುಕೊಳ್ಳಿ. ಆಗ ಮೇರು ಪರ್ವತದಲ್ಲಿಯೂ ಲೆಕ್ಕವಿಲ್ಲದಷ್ಟು ಭಾಗಗಳು, ಸಾಸಿವೆ ಕಾಳಿನಲ್ಲಿಯೂ ಲೆಕ್ಕವಿಲ್ಲದಷ್ಟು ಭಾಗಗಳು. ಹಾಗಾದರೆ ಮೇರುವಿಗೂ ಸಾಸಿವೆಗೂ ಗಾತ್ರದಲ್ಲಿ ಭೇದವೇ ಇರಬಾರದಾಗಿತ್ತು. ಭೇದವಿದೆ; ಆದ್ದರಿಂದ ಒಡೆಯುವಿಕೆ ಒಂದೆಡೆ ನಿಲ್ಲಬೇಕು; ಅದು ನಿಂತ ಸ್ಥಳವೇ ಪರಮಾಣು. ಕನ್ನಡ ನಾಡಿನಲ್ಲಿ ಆಳವಾಗಿ ಬೇರೂರಿದ ಜೈನದರ್ಶನವೂ ಪರಮಾಣುವನ್ನು ಒಪ್ಪಿದೆ. ಈ ಕಣಗಳು ಒಂದಕ್ಕೊಂದು ಅಂಟುವುದು ಹೇಗೆ ಎಂಬ ಪ್ರಶ್ನೆಯನ್ನು ಕೇಳಿಕೊಂಡು, ಸ್ನಿಗ್ಧ ರೂಕ್ಷ ಗುಣಗಳಿಂದ, ಎಂದರೆ ಜಿಗುಟು ಮತ್ತು ಒರಟುತನಗಳಿಂದ, ಬಂಧವುಂಟಾಗುತ್ತದೆಂದು ತತ್ತ್ವಾರ್ಥಸೂತ್ರ ಉತ್ತರಿಸುತ್ತದೆ. ಪ್ರಶ್ನೆಯೇ ದೊಡ್ಡದು. ಉತ್ತರ ಅಡಿಗೆಮನೆಯ ಹಿಟ್ಟು, ಎಣ್ಣೆಗಳಿಂದ ತೆಗೆದುಕೊಂಡ ಒಂದು ಉಪಮಾನ.

ಹಾಗಾದರೆ ಇಂದಿನ ವಿಜ್ಞಾನವೆಲ್ಲ ಕಣಾದನಿಗೆ ಗೊತ್ತಿತ್ತು ಎನ್ನೋಣವೇ? ಹಾಗೆ ಹೇಳುವವರಿದ್ದಾರೆ. ನನಗೆ ಕಣಾದನ ಮೇಲೆ ಗೌರವವಿದೆ. ಆದ್ದರಿಂದಲೇ ಆ ಮಾತನ್ನು ನಾನು ಹೇಳಲಾರೆ. ಅವನ ಪರಂಪರೆಯವರ ಬಳಿ ಸೂಕ್ಷ್ಮವಾದ ತರ್ಕವಿತ್ತು, ತಕ್ಕಡಿ ಇರಲಿಲ್ಲ. ತರ್ಕದಿಂದ ಪರಮಾಣು ಇದೆಯೆಂದು ಸಾಧಿಸಿದವರಿದ್ದಂತೆಯೇ ತರ್ಕದಿಂದ ಇಲ್ಲವೆಂದು ಖಂಡಿಸಿದವರೂ ನಮ್ಮಲ್ಲಿದ್ದರು. ಬ್ರಹ್ಮಸೂತ್ರ ಭಾಷ್ಯದಲ್ಲಿ ಶಂಕರರು ಪರಮಾಣುವಾದವನ್ನು ನಿರಾಕರಿಸಿದ್ದಾರೆ. ಗ್ರೀಸಿನಲ್ಲಿ ಅರಿಸ್ಟಾಟಲನೂ ನಿರಾಕರಿಸಿದ. ಎರಡೂ ಕಡೆ ಬುದ್ಧಿವಂತರೇ ಇದ್ದು, ತೀರ್ಪು ಹೇಳುವ ಮೂರನೆಯ ಸಾಕ್ಷಿ ಇಲ್ಲದಿದ್ದಾಗ ವಾದ ನಡೆಯುತ್ತದೆ, ಮುಗಿಯುವುದಿಲ್ಲ.

ಆ ಮೂರನೆಯ ಸಾಕ್ಷಿಯಾಗಿ ಬಂದದ್ದು ತಕ್ಕಡಿ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪಾಠ ಹೇಳಿ ಜೀವಿಸುತ್ತಿದ್ದ ಜಾನ್ ಡಾಲ್ಟನ್ 1803ರಲ್ಲಿ ಪರಮಾಣುಗಳ ತೂಕದ ಒಂದು ಪಟ್ಟಿಯನ್ನು ಮಾಡಿ, 1808ರಲ್ಲಿ ತನ್ನ ಸಿದ್ಧಾಂತವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ. ಅವನಿಗೆ ಹೊಳೆದದ್ದು ಇದು: ಇಂಗಾಲವೂ ಆಮ್ಲಜನಕವೂ ಸೇರಿ ಎರಡು ಬೇರೆ ಬೇರೆ ಅನಿಲಗಳಾಗುತ್ತವೆ. ಒಂದರಲ್ಲಿ 12 ಪಾಲು ಇಂಗಾಲಕ್ಕೆ 16 ಪಾಲು ಆಮ್ಲಜನಕ. ಇನ್ನೊಂದರಲ್ಲಿ ಅಷ್ಟೇ ಇಂಗಾಲಕ್ಕೆ 32 ಪಾಲು. ಈ ಅಂಕಿಗಳು ಇಂದಿನವು. ಡಾಲ್ಟನ್ನನ ಅಂಕಿಗಳು ಇಷ್ಟು ನಿಖರವಾಗಿರಲಿಲ್ಲ. ಆದರೆ ಸರಿಯಾಗಿ ಇಮ್ಮಡಿ, ನಡುವೆ ಹತ್ತೊಂಬತ್ತೂ ಇಲ್ಲ ಇಪ್ಪತ್ತಮೂರೂ ಇಲ್ಲ ಎಂಬುದು ಅವನಿಗೆ ಕಂಡಿತು. ಹಾಲನ್ನು ಎಷ್ಟು ಬೇಕಾದರೂ ಸುರಿಯಬಹುದು. ತೆಂಗಿನಕಾಯಿಯನ್ನು ಎಣಿಸಿಯೇ ಕೊಡಬೇಕು. ವಸ್ತು ಹಾಲಿನಂತಲ್ಲ, ಕಾಯಿಯಂತೆ, ಎಂದು ತಕ್ಕಡಿ ಹೇಳಿತು. ಡಾಲ್ಟನ್ ಪರಮಾಣುವನ್ನು ಗಟ್ಟಿಯಾದ ಪುಟ್ಟ ಗುಂಡಿನಂತೆ ಭಾವಿಸಿದ. ತರಗತಿಯಲ್ಲಿ ತೋರಿಸಲು ಮರದ ಗುಂಡುಗಳನ್ನೂ ಬಳಸಿದ.

ಆ ಗುಂಡಿನ ಉಪಮಾನ ಒಂದು ಶತಮಾನ ಕಾಲ ರಸಾಯನಶಾಸ್ತ್ರವನ್ನು ನಡೆಸಿತು. ತೊಡಕುಗಳು ಇರಲಿಲ್ಲವೆಂದಲ್ಲ. ಡಾಲ್ಟನ್ ನೀರಿನ ಕಣದಲ್ಲಿ ಜಲಜನಕದ ಒಂದು, ಆಮ್ಲಜನಕದ ಒಂದು ಪರಮಾಣು ಇವೆಯೆಂದು ತಿಳಿದಿದ್ದ. ಇಟಲಿಯ ಅವೊಗಾಡ್ರೊ 1811ರಲ್ಲಿಯೇ ಪರಮಾಣು ಬೇರೆ, ಪರಮಾಣುಗಳು ಕೂಡಿದ ಅಣು ಬೇರೆ ಎಂಬ ವಿವೇಕವನ್ನು ಸೂಚಿಸಿದ. ಅದು ಸುಮಾರು ಐವತ್ತು ವರ್ಷ ಮೂಲೆಯಲ್ಲಿ ಬಿದ್ದಿತ್ತು. 1860ರಲ್ಲಿ ಜರ್ಮನಿಯ ಕಾರ್ಲ್ಸ್ರೂ ನಗರದಲ್ಲಿ ನೆರೆದ ರಸಾಯನಜ್ಞರ ಮುಂದೆ ಕ್ಯಾನಿಜಾರೊ ಅದನ್ನು ಮತ್ತೆ ಎತ್ತಿ ನಿಲ್ಲಿಸಿದ. ಆ ಸಭೆಯಲ್ಲಿದ್ದ ರಷ್ಯದ ತರುಣ ಮೆಂಡಲೀವ್ 1869ರಲ್ಲಿ ಧಾತುಗಳ ಆವರ್ತಕೋಷ್ಟಕವನ್ನು ರಚಿಸಿದ.

ಇಷ್ಟಾದರೂ ಪರಮಾಣು ನಿಜವಾಗಿ ಇದೆಯೇ, ಅಥವಾ ಲೆಕ್ಕಕ್ಕೆ ಅನುಕೂಲವಾದ ಒಂದು ಕಲ್ಪನೆಯೇ ಎಂಬ ಸಂಶಯ ಹೋಗಿರಲಿಲ್ಲ. ಸಂಶಯಪಟ್ಟವರು ಸಾಮಾನ್ಯರಲ್ಲ. ವಿಯೆನ್ನದ ಅರ್ನ್ಸ್ಟ್ ಮಾಖ್, ಲೈಪ್‌ಜಿಗ್‌ನ ರಸಾಯನಶಾಸ್ತ್ರಜ್ಞ ಆಸ್ಟ್‌ವಾಲ್ಡ್ ಇವರಂಥವರು. ಕಾಣದುದನ್ನು ಇದೆಯೆನ್ನುವುದು ವಿಜ್ಞಾನಿಗೆ ತಕ್ಕದ್ದಲ್ಲವೆಂಬುದು ಅವರ ನಿಲುವು. ಎದುರು ನಿಂತವನು ಲುಡ್ವಿಗ್ ಬೋಲ್ಟ್ಸ್‌ಮನ್. ಅನಿಲದ ಶಾಖ, ಒತ್ತಡಗಳೆಲ್ಲ ಅಸಂಖ್ಯ ಕಣಗಳ ಓಡಾಟದ ಒಟ್ಟು ಫಲವೆಂದು ಅವನು ಗಣಿತದಿಂದ ತೋರಿಸಿದ. ದೇಹವೂ ಮನಸ್ಸೂ ಕೆಟ್ಟು 1906ರಲ್ಲಿ ಆಡ್ರಿಯಾಟಿಕ್ ತೀರದ ಡುಯಿನೊ ಎಂಬಲ್ಲಿ ಅವನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ಪರಮಾಣುವಿನ ವಿರೋಧಿಗಳೇ ಅವನನ್ನು ಕೊಂದರೆಂಬ ಕಥೆ ಪ್ರಚಾರದಲ್ಲಿದೆ. ಒಬ್ಬ ಮನುಷ್ಯನ ಸಾವಿಗೆ ಅಷ್ಟು ಸರಳವಾದ ಕಾರಣವನ್ನು ಹಚ್ಚುವುದು ಸರಿಯಲ್ಲ. ಆದರೆ ಒಂದು ಮಾತು ನಿಜ. ಅವನು ಇನ್ನು ಮೂರು ವರ್ಷ ಬದುಕಿದ್ದರೆ ತನ್ನ ಪಕ್ಷದ ಗೆಲುವನ್ನು ಕಾಣುತ್ತಿದ್ದ.

ಆ ಗೆಲುವು ಬಂದ ಬಗೆ ಸ್ವಾರಸ್ಯವಾಗಿದೆ. 1827ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞ ಹೂವಿನ ಪರಾಗದಿಂದ ಬಂದ ಸೂಕ್ಷ್ಮ ಕಣಗಳನ್ನು ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವು ಒಂದು ಕ್ಷಣವೂ ನಿಲ್ಲದೆ ತುಯ್ದಾಡುತ್ತಿದ್ದವು. ಜೀವವಿರುವುದರಿಂದ ಹೀಗಾಡುತ್ತವೆಯೋ ಎಂದು ಅವನು ಕಲ್ಲಿನ ಪುಡಿಯನ್ನೂ, ಈಜಿಪ್ಟಿನ ಸ್ಫಿಂಕ್ಸ್ ಮೂರ್ತಿಯ ಒಂದು ಚೂರಿನ ಪುಡಿಯನ್ನೂ ಹಾಕಿ ನೋಡಿದ. ಅವೂ ಆಡಿದವು. ಕಾರಣವನ್ನು ಗಣಿತದ ಮೂಲಕ ಹೇಳಿದವನು 1905ರಲ್ಲಿ ಐನ್‌ಸ್ಟೈನ್: ಕಾಣದ ನೀರಿನ ಅಣುಗಳು ಎಲ್ಲ ದಿಕ್ಕಿನಿಂದಲೂ ಗುದ್ದುವುದರಿಂದ ಕಾಣುವ ಕಣ ತತ್ತರಿಸುತ್ತದೆ, ಎಷ್ಟು ಕಾಲದಲ್ಲಿ ಎಷ್ಟು ದೂರ ಸರಿಯಬೇಕೆಂಬುದನ್ನು ಲೆಕ್ಕದಿಂದ ಹೇಳಬಹುದು. ಲುಕ್ರೀಶಿಯಸ್ಸನ ಬಿಸಿಲುಕೋಲಿನ ಧೂಳನ್ನು ಆಡಿಸುವುದು ಬಹುಮಟ್ಟಿಗೆ ಗಾಳಿಯ ಸೆಳೆತ. ಅದು ಪರಮಾಣುವಿಗೆ ಉಪಮಾನ ಮಾತ್ರ. ಬ್ರೌನನ ಕಣವಾದರೋ ಅಣುಗಳ ಗುದ್ದಿನ ನೇರವಾದ ಸಾಕ್ಷಿ.

ಅದನ್ನು ಅಳೆದು ತೋರಿಸಿದವನು ಪ್ಯಾರಿಸ್ಸಿನ ಜಾಂ ಪೆರ್ರಿನ್. ಅವನು ಬಳಸಿದ ಪದಾರ್ಥ ಗ್ಯಾಂಬೋಜ್ ಎಂಬ ಹಳದಿ ಅಂಟು. ನಮ್ಮ ಮಲೆನಾಡಿನ ಮುರುಗಲು, ಉಪ್ಪಾಗೆಗಳು ಯಾವ ಕುಲಕ್ಕೆ ಸೇರಿದ ಮರಗಳೋ ಅದೇ ಕುಲದ ಪೂರ್ವದೇಶದ ಮರದಿಂದ ಅದನ್ನು ತೆಗೆಯುತ್ತಾರೆ. ಆ ಅಂಟನ್ನು ನೀರಿನಲ್ಲಿ ಉಜ್ಜಿ, ಒಂದೇ ಗಾತ್ರದ ಗೋಲಿಗಳನ್ನು ಬೇರ್ಪಡಿಸಿ, ಒಂದು ತೊಟ್ಟು ನೀರಿನಲ್ಲಿ ಯಾವ ಎತ್ತರದಲ್ಲಿ ಎಷ್ಟು ಗೋಲಿಗಳಿವೆಯೆಂದು 1908ರಿಂದ ಅವನು ಎಣಿಸತೊಡಗಿದ. ಬೆಟ್ಟ ಹತ್ತಿದಂತೆ ಗಾಳಿ ತೆಳುವಾಗುತ್ತದಲ್ಲವೇ? ಸುಮಾರು ಐದೂವರೆ ಕಿಲೋಮೀಟರು ಏರಿದರೆ ಗಾಳಿಯ ಒತ್ತಡ ಅರ್ಧವಾಗುತ್ತದೆ. ಪೆರ್ರಿನ್ನನ ನೀರಿನ ತೊಟ್ಟಿನಲ್ಲಿಯೂ ಅದೇ ನಿಯಮ ಕಂಡಿತು. ಆದರೆ ಅಲ್ಲಿ ಮಿಲಿಮೀಟರಿನ ನೂರರಲ್ಲಿ ಮೂರು ಪಾಲು ಏರಿದರೆ ಗೋಲಿಗಳು ಅರ್ಧವಾಗುತ್ತಿದ್ದವು. ಗೋಲಿಯ ತೂಕ ಗೊತ್ತು, ಎರಡು ಎತ್ತರಗಳ ಅನುಪಾತ ಗೊತ್ತು. ಆದ್ದರಿಂದ ಅನಿಲದ ಅಣುವಿನ ತೂಕವನ್ನು ತ್ರೈರಾಶಿಯಂತೆ ಕಂಡುಹಿಡಿಯಬಹುದು. ಇಲ್ಲಿ ಉಪಮಾನವೇ ಅಳತೆಗೋಲಾಯಿತು. ನೀರಿನ ತೊಟ್ಟು ವಾಯುಮಂಡಲದಂತೆ ಎಂಬ ಹೋಲಿಕೆ ಅಲಂಕಾರವಾಗಿ ಉಳಿಯದೆ ಅಂಕಿಯಾಗಿ ನಿಂತಿತು. ಬೇರೆ ಬೇರೆ ದಾರಿಗಳಿಂದ ಹೊರಟವರೆಲ್ಲ ಒಂದೇ ಸಂಖ್ಯೆಯ ಬಳಿಗೆ ಬಂದು ಮುಟ್ಟಿದರು. 1909ರ ಹೊತ್ತಿಗೆ ಆಸ್ಟ್‌ವಾಲ್ಡ್ ತನ್ನ ಪಾಠ್ಯಗ್ರಂಥದ ಮುನ್ನುಡಿಯಲ್ಲಿಯೇ ಪರಮಾಣುವನ್ನು ಬಹಿರಂಗವಾಗಿ ಒಪ್ಪಿಕೊಂಡ. ವಾದದಲ್ಲಿ ಸೋತವನು ಹಾಗೆ ಒಪ್ಪುವುದು ಪಂಡಿತಲೋಕದಲ್ಲಿ ಅಪರೂಪ. ಸಾಹಿತ್ಯದ ಪಂಡಿತಲೋಕದಲ್ಲಂತೂ ಇನ್ನೂ ಅಪರೂಪ.

ಆದರೆ ವಿಧಿಯ ವಿಲಾಸವನ್ನು ನೋಡಿ. ಕತ್ತರಿಸಲಾಗದ್ದು ಎಂಬ ಹೆಸರಿನ ವಸ್ತು ಇದೆಯೆಂದು ಲೋಕ ಒಪ್ಪುವುದರೊಳಗಾಗಿ, ಅದು ಕತ್ತರಿಸಲಾಗದ್ದಲ್ಲವೆಂಬುದು ಗೊತ್ತಾಗಿಬಿಟ್ಟಿತ್ತು. 1897ರಲ್ಲಿ ಕೇಂಬ್ರಿಜ್ಜಿನ ಜೆ. ಜೆ. ಥಾಮ್ಸನ್, ಎಲ್ಲ ಪರಮಾಣುಗಳಲ್ಲಿಯೂ ಇರುವ, ಅತ್ಯಂತ ಹಗುರಾದ, ಋಣವಿದ್ಯುತ್ತಿನ ಎಲೆಕ್ಟ್ರಾನನ್ನು ಕಂಡುಹಿಡಿದ. ಗುಂಡು ಒಡೆಯಿತು. ಥಾಮ್ಸನ್ 1904ರಲ್ಲಿ ಹೊಸ ಚಿತ್ರವನ್ನು ಕೊಟ್ಟ: ಧನವಿದ್ಯುತ್ತು ತುಂಬಿದ ಗೋಳ, ಅದರೊಳಗೆ ಅಲ್ಲಲ್ಲಿ ಎಲೆಕ್ಟ್ರಾನುಗಳು. ಅವನ ದೇಶದವರು ಇದನ್ನು ದ್ರಾಕ್ಷಿ ಹಾಕಿದ ಕ್ರಿಸ್‌ಮಸ್ ಪುಡಿಂಗಿಗೆ ಹೋಲಿಸಿದರು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಜೊತೆಗೆ ಕಲ್ಲಂಗಡಿ ಹಣ್ಣು ಬಂದಿದೆ; ಕೆಂಪು ತಿರುಳು ಧನವಿದ್ಯುತ್ತು, ಕರಿಯ ಬೀಜ ಎಲೆಕ್ಟ್ರಾನು. ಒಳ್ಳೆಯ ಅನುವಾದವೆಂದರೆ ಇದು. ಪುಡಿಂಗನ್ನು ಕಾಣದ ಹಳ್ಳಿಯ ಹುಡುಗನಿಗೆ ಪದವನ್ನಲ್ಲ, ಹಣ್ಣನ್ನು ಕೊಟ್ಟಿದ್ದಾರೆ.

ಈ ಕಲ್ಲಂಗಡಿಯನ್ನು ಒಡೆದವನು ಥಾಮ್ಸನ್ನನ ಶಿಷ್ಯನೇ ಆದ, ನ್ಯೂಜಿಲೆಂಡಿನ ರೈತ ಕುಟುಂಬದಿಂದ ಬಂದ ಅರ್ನೆಸ್ಟ್ ರುದರ್‌ಫರ್ಡ್. ಮ್ಯಾಂಚೆಸ್ಟರಿನಲ್ಲಿ ಅವನ ಕೈಕೆಳಗೆ ಗೈಗರ್ ಎಂಬ ಸಹಾಯಕನೂ ಮಾರ್ಸ್‌ಡನ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿಯೂ ಇದ್ದರು. ತೆಳುವಾದ ಲೋಹದ ಹಾಳೆಯ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿ, ಕತ್ತಲ ಕೋಣೆಯಲ್ಲಿ ಕಣ್ಣನ್ನು ಹದಗೊಳಿಸಿಕೊಂಡು ಕುಳಿತು, ಪರದೆಯ ಮೇಲೆ ಮಿನುಗುವ ಕಿಡಿಗಳನ್ನು ಅವರು ಒಂದೊಂದಾಗಿ ಎಣಿಸುತ್ತಿದ್ದರು. ವಸ್ತು ಕಲ್ಲಂಗಡಿಯ ತಿರುಳಿನಂತಿದ್ದರೆ ಎಲ್ಲ ಕಣಗಳೂ ಹೆಚ್ಚುಕಡಿಮೆ ನೇರವಾಗಿ ದಾಟಿಹೋಗಬೇಕು. ಬಹುಪಾಲು ಹಾಗೆಯೇ ಹೋದವು. ಆದರೆ 1909ರಲ್ಲಿ ಅವರು ಕಂಡಂತೆ, ಪ್ಲಾಟಿನಂ ಹಾಳೆಗೆ ಬಡಿದ ಸುಮಾರು 8000 ಕಣಗಳಲ್ಲಿ ಒಂದು ಹಿಂದಕ್ಕೆ ತಿರುಗಿ ಬಂತು. ತೆಳು ಕಾಗದಕ್ಕೆ ಫಿರಂಗಿ ಗುಂಡು ಹೊಡೆದಾಗ ಗುಂಡು ತಿರುಗಿ ಬಂದು ತನಗೇ ಬಡಿದಷ್ಟು ಅಚ್ಚರಿಯಾಯಿತೆಂದು ರುದರ್‌ಫರ್ಡ್ ಮುಂದೆ ನೆನೆದುಕೊಂಡಿದ್ದಾನೆ. ಅವನ ಅಚ್ಚರಿಯೂ ಉಪಮೆಯಾಗಿಯೇ ಹೊರಬಂದುದನ್ನು ಗಮನಿಸಬೇಕು. 1911ರಲ್ಲಿ ಅವನು ತೀರ್ಮಾನ ಕೊಟ್ಟ: ಪರಮಾಣುವಿನ ತೂಕವೆಲ್ಲ ನಡುವಿನ ಒಂದು ಅತಿ ಚಿಕ್ಕ ಬೀಜದಲ್ಲಿ ಅಡಗಿದೆ, ಉಳಿದದ್ದು ಬಯಲು.

ಎಷ್ಟು ಬಯಲು? ವಿಜಯಪುರದ ಗೋಳಗುಮ್ಮಟವನ್ನು ಕಂಡವರು ಇದನ್ನು ಊಹಿಸಿಕೊಳ್ಳಬಹುದು. ಆ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರು. ಚಿನ್ನದ ಒಂದು ಪರಮಾಣುವನ್ನು ಆ ಗುಮ್ಮಟದಷ್ಟು ಹಿಗ್ಗಿಸಿದರೆ ಅದರ ಬೀಜ ಒಂದು ಸಾಸಿವೆ ಕಾಳಿನಷ್ಟಿರುತ್ತದೆ. ಪರಮಾಣುವಿನ ತೂಕದಲ್ಲಿ ನೂರಕ್ಕೆ 99.9ಕ್ಕಿಂತ ಹೆಚ್ಚು ಪಾಲು ಆ ಸಾಸಿವೆಯದು. ನಮ್ಮ ತಾರ್ಕಿಕರು ಮೇರುವನ್ನೂ ಸಾಸಿವೆಯನ್ನೂ ಒಟ್ಟಿಗೆ ಇಟ್ಟು ಆಡಿದ ಮಾತು ನನಗೆ ಇಲ್ಲಿ ನೆನಪಾಗುತ್ತದೆ. ಮೇರುವಿನಂತೆ ಭದ್ರವೆಂದು ನಾವು ನಂಬಿದ ಕಲ್ಲು, ಕಬ್ಬಿಣ, ಚಿನ್ನಗಳ ಭಾರವೆಲ್ಲ ವಿಶಾಲವಾದ ಬಯಲಿನ ನಡುವಣ ಸಾಸಿವೆಗಳ ಭಾರ.

ನಡುವೆ ಭಾರವಾದ ಬೀಜ, ಸುತ್ತ ಹಗುರಾದ ಎಲೆಕ್ಟ್ರಾನುಗಳು ಎಂದೊಡನೆ ಎಲ್ಲರ ಮನಸ್ಸಿಗೂ ಬಂದದ್ದು ಸೂರ್ಯ ಮತ್ತು ಗ್ರಹಗಳು. ಪರಮಾಣುವಿನ ಉಪಮಾನಗಳಲ್ಲಿ ಇದರಷ್ಟು ಜನಪ್ರಿಯವಾದದ್ದು ಇನ್ನೊಂದಿಲ್ಲ. ಪಿಂಡಾಂಡದಲ್ಲಿ ಬ್ರಹ್ಮಾಂಡವನ್ನು ಕಾಣುವ ನಮ್ಮ ಮನಸ್ಸಿಗಂತೂ ಅದು ಬಹಳ ಹಿಡಿಸಿತು. ಹುಟ್ಟಿದಾಗಲೇ ಅದು ಬಿರುಕು ಬಿಟ್ಟಿತ್ತು. ಸುತ್ತುವ ವಿದ್ಯುತ್ಕಣ ಬೆಳಕನ್ನು ಸೂಸಿ ಶಕ್ತಿಯನ್ನು ಕಳೆದುಕೊಳ್ಳಬೇಕೆಂಬುದು ಅಂದಿನ ಭೌತವಿಜ್ಞಾನದ ನಿಯಮ. ಹಾಗಾದರೆ ಎಲೆಕ್ಟ್ರಾನು ಕಣ್ಣೆವೆ ಇಕ್ಕುವುದಕ್ಕಿಂತ ಎಷ್ಟೋ ಬೇಗ ಬೀಜದೊಳಕ್ಕೆ ಬಿದ್ದುಹೋಗಬೇಕಿತ್ತು, ಜಗತ್ತು ನಿಲ್ಲಬಾರದಾಗಿತ್ತು. ನಿಂತಿದೆ. 1913ರಲ್ಲಿ ಡೆನ್ಮಾರ್ಕಿನ ನೀಲ್ಸ್ ಬೋರ್, ಎಲೆಕ್ಟ್ರಾನು ಕೆಲವೇ ನಿಯತ ಕಕ್ಷೆಗಳಲ್ಲಿ ಇರಬಲ್ಲದು, ಅಲ್ಲಿರುವಷ್ಟು ಕಾಲ ಬೆಳಕನ್ನು ಸೂಸದು, ಒಂದರಿಂದ ಇನ್ನೊಂದಕ್ಕೆ ನೆಗೆದಾಗ ಮಾತ್ರ ಸೂಸುವುದು ಎಂದು ವಿಧಿಸಿದ. ಅದರಿಂದ ಜಲಜನಕದ ಬೆಳಕಿನ ಗೆರೆಗಳ ಲೆಕ್ಕ ಸೊಗಸಾಗಿ ಸಿಕ್ಕಿತು. ಆದರೆ ಯಾವ ಗ್ರಹವೂ ಹೀಗೆ ನೆಗೆಯುವುದಿಲ್ಲ. ಸಮಾನಧರ್ಮ ಒಂದೊಂದಾಗಿ ಕಳಚತೊಡಗಿತು.

ಕೊನೆಯ ಎಳೆಯನ್ನು ಕಡಿದವನು 23 ವರ್ಷದ ವರ್ನರ್ ಹೈಸನ್‌ಬರ್ಗ್. 1925ರ ಜೂನಿನಲ್ಲಿ ಹೂಧೂಳಿನ ಬೇನೆಯಿಂದ ತಪ್ಪಿಸಿಕೊಳ್ಳಲು ಹೆಲ್ಗೊಲ್ಯಾಂಡ್ ದ್ವೀಪಕ್ಕೆ ಹೋದವನು, ಯಾರೂ ಕಾಣದ, ಕಾಣಲಾಗದ ಕಕ್ಷೆಗಳ ಮಾತನ್ನೇ ಕೈಬಿಟ್ಟು, ಹೊರಬರುವ ಬೆಳಕಿನ ಅಳತೆಗಳನ್ನು ಮಾತ್ರ ಆಧರಿಸಿ ಗಣಿತವನ್ನು ಕಟ್ಟಿದ. ಮರುವರ್ಷ ಶ್ರೋಡಿಂಗರ್ ಅಲೆಯ ಸಮೀಕರಣವನ್ನು ಕೊಟ್ಟ. ಆ ಅಲೆ ಎಲೆಕ್ಟ್ರಾನು ಎಲ್ಲಿ ಸಿಕ್ಕೀತೆಂಬ ಸಂಭವನೀಯತೆಯನ್ನು ಹೇಳುತ್ತದೆಂದು ಮ್ಯಾಕ್ಸ್ ಬಾರ್ನ್ ಅರ್ಥ ಹೇಳಿದ. ಇಂದಿನ ಪುಸ್ತಕಗಳು ಎಲೆಕ್ಟ್ರಾನಿನ 'ಮೋಡ' ಎನ್ನುತ್ತವೆ. ಅದೂ ಉಪಮಾನವೇ; ಮೋಡದಲ್ಲಿ ಹನಿಗಳಿವೆ, ಇದರಲ್ಲಿ ಹನಿಗಳಿಲ್ಲ. ನಾನು ಕೆಲಸ ಮಾಡುತ್ತಿದ್ದ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರೊಬ್ಬರು ಕರಿಹಲಗೆಯ ಮೇಲೆ ಬೀಜವನ್ನೂ ವೃತ್ತಗಳನ್ನೂ ಬರೆದು, "ಇದು ಹೀಗಿಲ್ಲ, ಆದರೂ ಸದ್ಯಕ್ಕೆ ಹೀಗೆಂದುಕೊಳ್ಳಿ" ಎನ್ನುತ್ತಿದ್ದರು. ಪಕ್ಕದ ಕೊಠಡಿಯಲ್ಲಿ ಕುಳಿತು ಈ ಮಾತನ್ನು ನಾನು ವರ್ಷವರ್ಷವೂ ಕೇಳಿದ್ದೇನೆ. ಅಲಂಕಾರಶಾಸ್ತ್ರದ ಪಾಠವನ್ನು ಅವರು ನನಗಿಂತ ಚೆನ್ನಾಗಿ ಮಾಡುತ್ತಿದ್ದರೆಂದು ಈಗ ತೋರುತ್ತದೆ.

ಬೀಜದ ಒಳಗಣ ಕಥೆಗೂ ಉಪಮಾನಗಳೇ ಮೆಟ್ಟಿಲಾದವು. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದ. 1938ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಹಾನ್ ಮತ್ತು ಸ್ಟ್ರಾಸ್‌ಮನ್ ನ್ಯೂಟ್ರಾನಿನ ಪೆಟ್ಟು ತಿಂದ ಯುರೇನಿಯಮ್ಮಿನಲ್ಲಿ ಬೇರಿಯಂ ಧಾತುವನ್ನು ಕಂಡು ದಿಗ್ಭ್ರಮೆಗೊಂಡರು. ಅವರೊಡನೆ ದುಡಿದಿದ್ದ, ಯಹೂದಿ ಕುಲದವಳೆಂಬ ಕಾರಣಕ್ಕೆ ಜರ್ಮನಿಯನ್ನು ಬಿಟ್ಟು ಓಡಬೇಕಾಗಿ ಬಂದ ಲೀಸೆ ಮೈಟ್ನರ್ ಆಗ ಸ್ವೀಡನ್ನಿನಲ್ಲಿದ್ದಳು. ಸೋದರಿಯ ಮಗ ಫ್ರಿಶ್‌ನೊಡನೆ ಹಿಮದಲ್ಲಿ ನಡೆಯುತ್ತ ಅವಳು ಅರ್ಥವನ್ನು ಕಂಡುಕೊಂಡಳು. ಬೀಜ ಗಟ್ಟಿಯಾದ ಕಲ್ಲಿನಂತಲ್ಲ, ನೀರಿನ ಹನಿಯಂತೆ; ತುಯ್ದಾಡಿದ ಹನಿ ನಡು ಸಣ್ಣದಾಗಿ ಎರಡಾಗುವಂತೆ ಅದೂ ಎರಡಾಗಿದೆ. ಕಲ್ಲಿನ ಉಪಮಾನ ಮನಸ್ಸಿನಲ್ಲಿರುವವರೆಗೆ ಈ ಅರ್ಥ ಹೊಳೆಯಲಾರದು. ಜೀವಕೋಶ ಎರಡಾಗುವುದಕ್ಕೆ ಏನೆನ್ನುತ್ತಾರೆಂದು ಫ್ರಿಶ್ ಒಬ್ಬ ಜೀವವಿಜ್ಞಾನಿಯನ್ನು ಕೇಳಿ, 'ಫಿಷನ್' ಎಂಬ ಅವನ ಮಾತನ್ನು ಎರವಲು ಪಡೆದ. ಕನ್ನಡದಲ್ಲಿ ನಾವು ವಿದಳನ ಎನ್ನುತ್ತೇವೆ. ದ್ವಿದಳ ಧಾನ್ಯದ ಕಾಳು ಬೇಳೆಯಾಗಿ ಒಡೆಯುವ ಚಿತ್ರ ಅದರಲ್ಲಿದೆ. ಜೀವ ಬೆಳೆಯುವ ಬಗೆಯಿಂದ ಎರವಲು ತಂದ ಆ ಮಾತು 1945ರ ಆಗಸ್ಟ್ 6 ಮತ್ತು 9ರಂದು ಹಿರೋಶಿಮಾ, ನಾಗಸಾಕಿಗಳ ಮೇಲೆ ಯಾವ ಅರ್ಥವನ್ನು ಪಡೆಯಿತೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಬಾಂಬಿನ ಕೆಲಸದಲ್ಲಿ ಸೇರಲು ಕರೆ ಬಂದಾಗ ಮೈಟ್ನರ್ ಒಲ್ಲೆನೆಂದಳು.

ಆ ಆಯುಧವನ್ನು ನಾವು ಅಣುಬಾಂಬು ಎನ್ನುತ್ತೇವೆ. ಕೈಗಾದಲ್ಲಿ 2000ದಿಂದ ವಿದ್ಯುತ್ತನ್ನು ಕೊಡುತ್ತಿರುವ ಸ್ಥಾವರವನ್ನೂ ಅಣುಸ್ಥಾವರವೆನ್ನುತ್ತೇವೆ. ಶಾಸ್ತ್ರದ ಪ್ರಕಾರ ಒಡೆಯುವುದು ಅಣುವಲ್ಲ, ಪರಮಾಣುವಿನ ಬೀಜ. ಬಳಕೆಯನ್ನು ಬದಲಿಸಿ ಎಂದು ನಾನು ಹೇಳುವುದಿಲ್ಲ, ರೂಢಿ ಬಲವಾದದ್ದು. ಆದರೆ ಒಂದೇ ಪುಸ್ತಕದ ಒಂದು ಪುಟದಲ್ಲಿ ನೀರಿನ ಅಣು, ಇನ್ನೊಂದು ಪುಟದಲ್ಲಿ ಅಣುಬಾಂಬು ಎಂದು ಓದಿದ ಮಗು ಎರಡೂ ಒಂದೇ ಎಂದುಕೊಂಡರೆ ತಪ್ಪು ಮಗುವಿನದಲ್ಲ. 1918ರಲ್ಲಿ ಹೊರಟ 'ವಿಜ್ಞಾನ' ಪತ್ರಿಕೆಯ ಬೆಳ್ಳಾವೆ ವೆಂಕಟನಾರಣಪ್ಪನವರು, 'ವಿಜ್ಞಾನ ಪ್ರಪಂಚ'ವನ್ನು ಬರೆದ ಶಿವರಾಮ ಕಾರಂತರು, ಇಂಥ ಹಿರಿಯರು ಒಂದೊಂದು ಮಾತನ್ನು ತೂಗಿ ಇಟ್ಟದ್ದು ಈ ಕಾರಣಕ್ಕಾಗಿಯೇ.

ನ್ಯೂಟ್ರಾನು ಪ್ರೋಟಾನುಗಳೂ ಕೊನೆಯಲ್ಲ. ಅವುಗಳೊಳಗಿನ ಕಣಗಳನ್ನು 1964ರಲ್ಲಿ ಊಹಿಸಿದ ಮರ್ರೇ ಗೆಲ್‌ಮನ್, ಜೇಮ್ಸ್ ಜಾಯ್ಸನ 'ಫಿನೆಗನ್ಸ್ ವೇಕ್' ಎಂಬ ಕಾದಂಬರಿಯಲ್ಲಿ ಬರುವ ಒಂದು ಅರ್ಥವಿಲ್ಲದ ಮಾತನ್ನೆತ್ತಿ 'ಕ್ವಾರ್ಕ್' ಎಂದು ಹೆಸರಿಟ್ಟ. ಹೋಲಿಸಲು ಲೋಕದಲ್ಲಿ ಏನೂ ಸಿಕ್ಕದಿದ್ದಾಗ ಅರ್ಥವಿಲ್ಲದ ಪದವೇ ಹೆಚ್ಚು ಪ್ರಾಮಾಣಿಕ.

ಕಣ್ಣಿನ ಸಾಕ್ಷಿಯೂ ಕೊನೆಗೆ ಬಂತು. 1955ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅರ್ವಿನ್ ಮ್ಯುಲ್ಲರ್ ಮತ್ತು ಅವನ ಭಾರತೀಯ ಶಿಷ್ಯ ಕನ್ವರ್ ಬಹಾದುರ್ ಟಂಗ್‌ಸ್ಟನ್ ಸೂಜಿಯ ಮೊನೆಯ ಮೇಲಿನ ಬಿಡಿ ಪರಮಾಣುಗಳ ಚಿತ್ರವನ್ನು ಮೊದಲು ಕಂಡರು. 1981ರಲ್ಲಿ ಜೂರಿಕ್ಕಿನ ಬಿನ್ನಿಗ್ ಮತ್ತು ರೋರರ್, ಪರಮಾಣುಗಳ ಮೈದಡವಿ ಚಿತ್ರ ಬರೆಯುವ ಸೂಕ್ಷ್ಮದರ್ಶಕವನ್ನು ನಿರ್ಮಿಸಿದರು. ಅಂಥದೊಂದು ಉಪಕರಣದ ಮೊನೆಯಿಂದ 1989ರಲ್ಲಿ ಡಾನ್ ಐಗ್ಲರ್ ಎಂಬಾತ ಕ್ಸೆನಾನ್ ಧಾತುವಿನ 35 ಪರಮಾಣುಗಳನ್ನು ಒಂದೊಂದಾಗಿ ಸರಿಸಿ ತನ್ನ ಸಂಸ್ಥೆಯ ಹೆಸರಿನ ಮೂರು ಅಕ್ಷರಗಳನ್ನು ಬರೆದ. ಹಿಂದೆ ಲುಕ್ರೀಶಿಯಸ್ ಪರಮಾಣುಗಳನ್ನು ಅಕ್ಷರಗಳಿಗೆ ಹೋಲಿಸಿದ್ದ. ಅವೇ ಅಕ್ಷರಗಳು ಜಾಗ ಬದಲಿಸಿದರೆ ಬೇರೆ ಮಾತಾಗುವಂತೆ, ನಮ್ಮಲ್ಲಿ 'ರಸ' ತಿರುಗಿ 'ಸರ'ವಾಗುವಂತೆ, ಅವೇ ಕಣಗಳು ಜಾಗ ಬದಲಿಸಿ ಬೇರೆ ವಸ್ತುವಾಗುತ್ತವೆ ಎಂದು. ಎರಡು ಸಾವಿರ ವರ್ಷಗಳ ಮೇಲೆ ಪರಮಾಣುಗಳು ನಿಜವಾಗಿಯೇ ಅಕ್ಷರಗಳಾದವು.

ಕನ್ನಡದಲ್ಲಿ 'ಅಂತೆ' ಎಂಬ ಮಾತಿಗೆ ಎರಡು ಕೆಲಸಗಳಿವೆ. 'ಚಂದ್ರನಂತೆ' ಎಂದರೆ ಹೋಲಿಕೆ. 'ಬಂದನಂತೆ' ಎಂದರೆ ಕೇಳಿದ ಸುದ್ದಿ, ನಾನು ಕಂಡದ್ದಲ್ಲ. ಪರಮಾಣುವಿನ ಚರಿತ್ರೆಯಲ್ಲಿ ಎರಡೂ ಇವೆ. ಇದೆಯಂತೆ ಎಂಬಲ್ಲಿಂದ ಹೊರಟು, ಗುಂಡಿನಂತೆ, ಹಣ್ಣಿನಂತೆ, ಗ್ರಹಗಳಂತೆ, ಹನಿಯಂತೆ ಎಂಬ ಮೆಟ್ಟಿಲುಗಳನ್ನು ಹತ್ತಿ ಅದು ಇಲ್ಲಿಗೆ ಬಂದಿದೆ. 'ಅಂತೆ'ಯನ್ನು ಬಿಟ್ಟುಬಿಟ್ಟರೆ ಉಪಮೆ ರೂಪಕವಾಗುತ್ತದೆ. ಮುಖ ಚಂದ್ರನೇ ಆಗುತ್ತದೆ. ಕವಿಗೆ ಅದು ಸಲ್ಲುತ್ತದೆ. ಆದರೆ ಗ್ರಹಗಳಂತೆ ಸುತ್ತುವ ಎಲೆಕ್ಟ್ರಾನುಗಳ ಚಿತ್ರ ಇಂದಿಗೂ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಲಾಂಛನದಲ್ಲಿಯೂ ನಮ್ಮ ಮಕ್ಕಳ ಪುಸ್ತಕದ ಹೊದಿಕೆಗಳಲ್ಲಿಯೂ ಉಳಿದಿದೆ. 1925ರಲ್ಲಿಯೇ ಅದರ ಕಾಲ ಮುಗಿದಿತ್ತೆಂಬುದನ್ನು ಹೇಳುವವರಿಲ್ಲದಿದ್ದರೆ ಮಗು ಅದನ್ನೇ ಪರಮಾಣುವೆಂದು ನಂಬಿ ದೊಡ್ಡದಾಗುತ್ತದೆ. ಪರಮಾಣುವಿನ ಮಾತಿನಲ್ಲಷ್ಟೇ ಅಲ್ಲ; ದೇಶವನ್ನು ದೇಹವೆಂದೂ ಜನರನ್ನು ಮಂದೆಯೆಂದೂ ಭಾಷೆಯನ್ನು ಕೋಟೆಯೆಂದೂ 'ಅಂತೆ'ಯಿಲ್ಲದೆ ಹೇಳುವವರ ಮಾತನ್ನು ಕೇಳುವಾಗಲೂ, ಈ ಹೋಲಿಕೆ ಎಲ್ಲಿಗೆ ಮುಗಿಯುತ್ತದೆ ಎಂಬ ಆ ಅರಸಿಕ ಪ್ರಶ್ನೆಯನ್ನು ಕೇಳಬೇಕಾಗುತ್ತದೆ. ಉಪಮಾನವಿಲ್ಲದೆ ಮನುಷ್ಯ ಒಂದು ಹೆಜ್ಜೆಯನ್ನೂ ಇಡಲಾರ. ಹೆಜ್ಜೆಯನ್ನಿಟ್ಟ ಮೇಲೆ ಕಾಲನ್ನು ಎತ್ತಬೇಕಾದ ಸಮಯ ಯಾವುದೆಂಬುದನ್ನು, ಕಣ್ಣಿಗೆ ಕಾಣದ ಆ ಪರಮಾಣು ಎರಡು ಶತಮಾನಗಳಿಂದ ಕಲಿಸುತ್ತ ಬಂದಿದೆ.